ತಾಳಮದ್ದಳೆಗೂ ಬಯಲಾಟಕ್ಕೂ ಒಂದೇ ಬಿಟ್‌ರೇಟೇ?

ಮೂರು ಗಂಟೆಯ ತಾಳಮದ್ದಳೆಯ ವಿಡಿಯೊ 27 ಜಿಬಿ ತೂಗಿದರೆ ಅದರ ಹೊಣೆ ಅರ್ಥಧಾರಿಗಳದ್ದಲ್ಲ, ಎಡಿಟಿಂಗ್ ಮುಗಿಸಿ ಎಕ್ಸ್‌ಪೋರ್ಟ್ ಒತ್ತಿದವರದ್ದು. ಬಿಟ್‌ರೇಟ್ ಸೆಕೆಂಡಿಗೆ 20 ಮೆಗಾಬಿಟ್ ಎಂದಿದ್ದರೆ ನಿಮಿಷಕ್ಕೆ 150 ಎಂಬಿ. ಮಿಕ್ಕಿದ್ದು ಬರೀ ಗುಣಾಕಾರ. ಫೈಲಿನ ಗಾತ್ರವೆಂದರೆ ಬಿಟ್‌ರೇಟ್ ಮತ್ತು ಅವಧಿಯ ಲೆಕ್ಕ, ಅಷ್ಟೇ. 4ಕೆಯನ್ನು 1080ಕ್ಕೆ ಇಳಿಸಿಯೂ ಬಿಟ್‌ರೇಟನ್ನು ಮುಟ್ಟದಿದ್ದರೆ ಗಾತ್ರ ಕರಗುವುದಿಲ್ಲ. ಆದರೂ 'ಹೈ' ಎಂದು ಬರೆದ ಪ್ರಿಸೆಟ್ಟನ್ನು ಕಣ್ಣುಮುಚ್ಚಿ ಒತ್ತುವುದೇ ರೂಢಿಯಾಗಿದೆ.

ಈ ರೂಢಿ ಎಡವುವುದು ಎಲ್ಲಿ ಎಂಬುದನ್ನು ನಮ್ಮ ಕರಾವಳಿಯ ಎರಡು ಕಲೆಗಳೇ ತೋರಿಸುತ್ತವೆ. ತಾಳಮದ್ದಳೆಯಲ್ಲಿ ಯಾರೂ ಕುಳಿತಲ್ಲಿಂದ ಏಳುವುದಿಲ್ಲ. ಹಿಂದಿನ ಬ್ಯಾನರ್ ಅಲುಗುವುದಿಲ್ಲ. 2003ರಲ್ಲಿ ಬಂದು ಇವತ್ತಿಗೂ ಎಲ್ಲೆಡೆ ಓಡುವ ಎಚ್.264 ಎಂಬ ವಿಡಿಯೊ ಕುಗ್ಗಿಸುವ ವಿಧಾನ ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಬದಲಾದದ್ದನ್ನೇ ಮುಖ್ಯವಾಗಿ ಬರೆದಿಡುತ್ತದೆ. ಬದಲಾವಣೆಯೇ ಇಲ್ಲದಲ್ಲಿ ಅದಕ್ಕೆ ಕೆಲಸ ಕಡಿಮೆ. ಒಳ್ಳೆಯ ಬೆಳಕು, ಸ್ಟ್ಯಾಂಡ್ ಮೇಲೆ ಕ್ಯಾಮೆರಾ ಇದ್ದರೆ 2 ಮೆಗಾಬಿಟ್ ಸಾಕಾಗುವುದುಂಟು, ಅಂದರೆ ಮೂರು ಗಂಟೆಗೆ 2.7 ಜಿಬಿ. ಅದೇ 2 ಮೆಗಾಬಿಟ್ಟಿನಲ್ಲಿ ಬಯಲಾಟದ ಯುದ್ಧದ ಪದ್ಯವನ್ನು ಹಾಕಿ ನೋಡಿ. ಸುತ್ತಿ ಜಿಗಿಯುವ ಧಿಗಿಣ ಶುರುವಾದೊಡನೆ ಕಿರೀಟ, ವಸ್ತ್ರ, ಮುಖವರ್ಣಿಕೆಯೆಲ್ಲ ಚೌಕಚೌಕವಾಗಿ ಒಡೆಯುತ್ತವೆ. ಕತ್ತಲಲ್ಲಿ ಮೊಬೈಲ್ ಹಿಡಿದ ದೃಶ್ಯವಾದರೆ ಕಪ್ಪು ಹಿನ್ನೆಲೆಯಲ್ಲಿ ಮಿಡಿಯುವ ನಾಯ್ಸ್ ಕೂಡ ಬಿಟ್ ತಿನ್ನುತ್ತದೆ. ಆ ನಾಯ್ಸನ್ನು ಎಡಿಟಿಂಗಿನಲ್ಲೇ ತುಸು ತಗ್ಗಿಸಿದರೆ ಫೈಲೂ ಇಳಿಯುತ್ತದೆ.

ಹಾಗಾಗಿ ಗಾತ್ರವನ್ನು ಹೇಳುವ ಬದಲು ಗುಣಮಟ್ಟವನ್ನು ಹೇಳಿ, ಬಿಟ್ ಹಂಚುವುದನ್ನು ಎನ್‌ಕೋಡರಿಗೆ ಬಿಡುವ ಸಿಆರ್‌ಎಫ್ ವಿಧಾನವೇ ನನ್ನ ಆಯ್ಕೆ. ಎಚ್.264ರ ಎನ್‌ಕೋಡರಾದ ಎಕ್ಸ್264ರಲ್ಲಿ ಇದರ ಡೀಫಾಲ್ಟ್ 23. ಸಂಖ್ಯೆ ಇಳಿದಷ್ಟೂ ಚಿತ್ರ ಚೊಕ್ಕಟ, ಫೈಲ್ ದಪ್ಪ. ಆರು ಏರಿಸಿದರೆ ಗಾತ್ರ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಉಚಿತವಾದ ಹ್ಯಾಂಡ್‌ಬ್ರೇಕ್ ಈ ಆಯ್ಕೆಯನ್ನು ಕಣ್ಣೆದುರೇ ಇಟ್ಟಿದೆ. ದುಡ್ಡು ಕೊಟ್ಟು ಕೊಳ್ಳುವ ಕೆಲವು ಎಡಿಟಿಂಗ್ ತಂತ್ರಾಂಶಗಳು ಮಾತ್ರ ಇನ್ನೂ ಬಿಟ್‌ರೇಟ್ ಕೇಳುತ್ತಲೇ ಕೂತಿವೆ. ಆಟದ ಅತಿ ಗಡಿಬಿಡಿಯ ಒಂದು ನಿಮಿಷವನ್ನು ಕತ್ತರಿಸಿ, ಎರಡು ಮೂರು ಸಂಖ್ಯೆಗಳಲ್ಲಿ ಎಕ್ಸ್‌ಪೋರ್ಟ್ ಮಾಡಿ ಟಿವಿಯಲ್ಲಿ ನೋಡಿದರೆ ನಿಮ್ಮ ಸಂಖ್ಯೆ ಸಿಗುತ್ತದೆ.

ಬಿಟ್‌ರೇಟನ್ನೇ ನಂಬಬೇಕಾದ ಸಂದರ್ಭವೂ ಒಂದಿದೆ. ಪೆನ್‌ಡ್ರೈವ್ ಫ್ಯಾಟ್32 ಆಗಿದ್ದರೆ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ. ಮೂರು ಗಂಟೆಗೆ ಭಾಗಿಸಿದರೆ ಧ್ವನಿ ಸೇರಿ ಸುಮಾರು 3 ಮೆಗಾಬಿಟ್. ಇಲ್ಲಿ ವಿಡಿಯೊವನ್ನು ಮೊದಲು ಒಮ್ಮೆ ಅಳೆದು ನೋಡಿ ಆಮೇಲೆ ಕುಗ್ಗಿಸುವ ಎರಡು ಪಾಸಿನ ಎನ್‌ಕೋಡಿಂಗ್ ಸರಿ.

ಎಚ್.264ರ ನಂತರ ಬಂದ ಎಚ್.265 ಅದೇ ಗುಣಮಟ್ಟವನ್ನು ಅರ್ಧದಷ್ಟು ಗಾತ್ರದಲ್ಲಿ ಕೊಡುತ್ತದೆನ್ನುವುದು ಬಹುಪಾಲು ನಿಜ. ಊರಿನ ಹಳೆಯ ಟಿವಿ ಅದನ್ನು ಓಡಿಸೀತೇ ಎಂಬುದು ಬೇರೆ ಮಾತು. ಗ್ರಾಫಿಕ್ಸ್ ಕಾರ್ಡಿನ ಎನ್‌ಕೋಡರ್ ಬೇಗ ಮುಗಿಸುತ್ತದೆ, ಆದರೆ ಅಷ್ಟೇ ಚಂದಕ್ಕೆ ಸಾಮಾನ್ಯವಾಗಿ ಹೆಚ್ಚು ಬಿಟ್ ಕೇಳುತ್ತದೆ. ಯೂಟ್ಯೂಬಿಗೆ ಹಾಕುವುದಾದರೆ 1080, 30 ಫ್ರೇಮಿಗೆ ಅದು ಸೂಚಿಸುವುದೇ 8 ಮೆಗಾಬಿಟ್. ಆಮೇಲೆ ಅದು ಹೇಗೂ ಮತ್ತೆ ಕುಗ್ಗಿಸುತ್ತದೆ.

ನನಗೆ ನಿಜಕ್ಕೂ ಸಿಟ್ಟು ಬರಿಸುವುದು ಧ್ವನಿಯ ವಿಷಯದ ಜಿಪುಣತನ. ತಾಳಮದ್ದಳೆಯಲ್ಲಿ ಇರುವುದೇ ಮಾತು ಮತ್ತು ಹಿಮ್ಮೇಳ. 192 ಕಿಲೊಬಿಟ್ಟಿನ ಎಎಸಿ ಧ್ವನಿ ಮೂರು ಗಂಟೆಗೆ 260 ಎಂಬಿ ದಾಟುವುದಿಲ್ಲ. ಅಲ್ಲಾಡದ ಬ್ಯಾನರಿಗೆ 27 ಜಿಬಿ ಸುರಿದು ಭಾಗವತರ ದನಿಗೆ 64 ಕಿಲೊಬಿಟ್ ಕೊಡುವುದು ಅರಸಿಕತನ.

ಒಂದು ವಿನಂತಿ: ಚಿಕ್ಕ ಫೈಲ್ ಹಂಚಲಿಕ್ಕೆ ಸಿದ್ಧವಾಯಿತೆಂದು ಕ್ಯಾಮೆರಾದ ಮೂಲ ಫೈಲನ್ನು ಅಳಿಸಬೇಡಿ. ಕುಗ್ಗಿಸುವಾಗ ಕಳೆದ ವಿವರ ಯಾವ ಸೆಟ್ಟಿಂಗಿನಿಂದಲೂ ಮರಳಿ ಬರುವುದಿಲ್ಲ.