ಹದ ಬಲ್ಲ ಕೈ

ಕಡೂರಿನ ತೆಂಗು, ತರೀಕೆರೆಯ ಅಡಿಕೆ, ಅಜ್ಜಂಪುರದ ಈರುಳ್ಳಿ ಹೊತ್ತ ಲಾರಿಗಳ ಜೀವ ಇರುವುದು ಡೀಸೆಲ್ ಪಂಪು, ನಾಜಲ್‌ಗಳಲ್ಲಿ. ಅವನ್ನು ಬಿಚ್ಚಿ ಹದಗೊಳಿಸುವ ಮೇಸ್ತ್ರಿಗಳ ಕಸುಬು ನನಗೆ ಬಲು ಇಷ್ಟ.

ನಾಜಲನ್ನು ಟೆಸ್ಟರಿಗೆ ಸಿಕ್ಕಿಸಿ ಹಿಡಿ ಒತ್ತುತ್ತಾರೆ. ಹಳೆಯ ಟ್ರ್ಯಾಕ್ಟರಿನದಾದರೆ, ಒತ್ತಡದ ಮುಳ್ಳು ಸುಮಾರು 200 ಬಾರ್ ಮುಟ್ಟಿದಾಗ ಡೀಸೆಲ್ ಮಂಜಿನಂತೆ ಚಿಮ್ಮಬೇಕು. ತುದಿಯಲ್ಲಿ ಒಂದು ಹನಿಯೂ ತೊಟ್ಟಿಕ್ಕಬಾರದು.

ಪಂಪಿನ ಹದವೂ ಅಷ್ಟೇ ಮುಖ್ಯ. ಟರ್ಬೊ ಇರಲಿ, ಸೂಪರ್‌ಚಾರ್ಜರ್ ಇರಲಿ, ಎಂಜಿನ್ನಿಗೆ ಗಾಳಿ ಹೆಚ್ಚು ತುಂಬಿದರೆ ಇಂಧನವೂ ಅಳತೆಯರಿತು ಹೆಚ್ಚಬೇಕು. ಡೀಸೆಲ್ ಮಿತಿಮೀರಿದರೆ ಕಪ್ಪು ಹೊಗೆ.

1951ರಲ್ಲಿ ಹುಟ್ಟಿದ ಬೆಂಗಳೂರಿನ ಮೈಕೊ ಕಂಪನಿ ಪಂಪು ಮಾಡಿಕೊಟ್ಟಿತು. ಅದರ ಹದ ಕಾಯ್ದದ್ದು ಮಾತ್ರ ಊರೂರಿನ ಈ ಎಣ್ಣೆಗೈಗಳು. ಅವಕ್ಕೆ ನನ್ನ ನಮಸ್ಕಾರ.