‘ಅರ್ನೆಸ್ಟ್’ ಎಂಬ ಶ್ಲೇಷವೂ ಫ್ರೆಂಚ್ ಭಾಷಾಂತರವೂ

ನಮ್ಮ ಆಲಂಕಾರಿಕರು ಶ್ಲೇಷವನ್ನು ಎರಡಾಗಿ ವಿಂಗಡಿಸಿದರು. ಪದವನ್ನು ತೆಗೆದು ಅದರ ಪರ್ಯಾಯವನ್ನಿಟ್ಟರೂ ಉಳಿಯುವುದು ಅರ್ಥಶ್ಲೇಷ. ಹಾಗಿಟ್ಟೊಡನೆ ಅಳಿಯುವುದು ಶಬ್ದಶ್ಲೇಷ. ಭಾಷಾಂತರವೆಂಬುದು ಪದಗಳೆಲ್ಲವನ್ನೂ ಬದಲಿಸುವ ಕಾರ್ಯವೇ ಆದುದರಿಂದ, ಶಬ್ದಶ್ಲೇಷದ ಮೇಲೆ ನಿಂತ ಕೃತಿಯನ್ನು ಪರಭಾಷೆಗೆ ತರಹೊರಟವನ ಪಾಡನ್ನು ಊಹಿಸಬಹುದು. 1895ರಲ್ಲಿ ಲಂಡನ್ನಿನ ಸೇಂಟ್ ಜೇಮ್ಸ್ ರಂಗಮಂದಿರದಲ್ಲಿ ಮೊದಲು ಪ್ರಯೋಗವಾದ ಆಸ್ಕರ್ ವೈಲ್ಡನ ಪ್ರಹಸನ ‘ದಿ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಅರ್ನೆಸ್ಟ್’ ಅಂತಹ ಕೃತಿ.

ಅರ್ನೆಸ್ಟ್ ಎಂಬುದು ಗಂಡಸರ ಹೆಸರು. ಒಂದಕ್ಷರ ಹೆಚ್ಚಿಸಿ ಬರೆದರೆ, ಅದೇ ಉಚ್ಚಾರದಲ್ಲಿ, ಶ್ರದ್ಧೆ, ಗಾಂಭೀರ್ಯ, ನಿಷ್ಕಪಟತೆ ಇವೆಲ್ಲವನ್ನೂ ಒಳಗೊಂಡ ಗುಣವಾಚಕ. (ವ್ಯಾಪಾರದ ಸಂಚಕಾರಕ್ಕೂ ಅದೇ ಮಾತುಂಟು, ನಾಟಕಕ್ಕೆ ಅದು ಬೇಕಿಲ್ಲ.) ವಿಕ್ಟೋರಿಯಾ ರಾಣಿಯ ಕಾಲದ ಸಭ್ಯ ಗೃಹಸ್ಥರು ಮಕ್ಕಳಿಗೆ ಬೋಧಿಸುತ್ತಿದ್ದ ಗುಣವಿದು, ವೈಲ್ಡನ ಕುಚೋದ್ಯವೆಲ್ಲ ಅದರ ಮೇಲೆಯೇ. ಹಳ್ಳಿಯಲ್ಲಿ ಜ್ಯಾಕ್, ಪಟ್ಟಣದಲ್ಲಿ ಅರ್ನೆಸ್ಟ್ ಎಂದು ಎರಡು ಹೆಸರು ಹೊತ್ತ ನಾಯಕನಿಗೆ ಗ್ವೆಂಡಲಿನ್ ಒಲಿಯುವುದು ಆ ಹೆಸರಿಗಾಗಿ. ಕಡೆಗೆ ಅವನ ನಿಜನಾಮವೂ ಅದೇ ಎಂದು ತಿಳಿಯುತ್ತದೆ. ಸುಳ್ಳು ಹೆಸರು ಹೇಳಿದೆನೆಂದಿದ್ದವನು ತನಗರಿಯದಂತೆ ಸತ್ಯವನ್ನೇ ನುಡಿದಿದ್ದಾನೆ!

ವೈಲ್ಡನು ಸ್ವತಃ ಫ್ರೆಂಚ್ ಬಲ್ಲವನು. ‘ಸಲೋಮೆ’ಯನ್ನು ಆ ಭಾಷೆಯಲ್ಲಿಯೇ ಬರೆದನು. ಈ ಪ್ರಹಸನಕ್ಕೆ ಮಾತ್ರ ಆ ಭಾಷೆಯ ಬಾಗಿಲು ಸುಲಭವಾಗಿ ತೆರೆಯದು. ಫ್ರೆಂಚರಲ್ಲಿ ಎರ್ನೆಸ್ತ್ ಎಂಬ ಹೆಸರುಂಟು, ಅದಕ್ಕೆ ಗುಣದ ಅರ್ಥವಿಲ್ಲ. ಗಾಂಭೀರ್ಯವನ್ನು ಹೇಳುವ ‘ಸೇರಿಯೂ’ ಎಂಬ ಪದವುಂಟು, ಆ ಹೆಸರಿನ ಮನುಷ್ಯನಿಲ್ಲ. ಆದುದರಿಂದ ನಾಯಕನ ಹೆಸರನ್ನೇ ಬದಲಿಸಬೇಕಾಯಿತು. ಕೆಲವರು ‘ಕೋಂಸ್ತಾಂ’ ಎಂದರು. ಅದು ಅಲ್ಲಿ ಹೆಸರೂ ಹೌದು, ಸ್ಥಿರಚಿತ್ತನೆಂಬ ಅರ್ಥವುಳ್ಳ ಮಾತೂ ಹೌದು. 1950ರ ದಶಕದಲ್ಲಿ ಝಾನ್ ಅನೂಯ್ ರಂಗಕ್ಕೆ ಅಳವಡಿಸಿದ ರೂಪಾಂತರದಲ್ಲಿ ಅವನು ‘ಎಮೇ’, ಎಂದರೆ ಪ್ರಿಯನಾದವನು.

ಎಮೇ ಕಿವಿಗೆ ಇಂಪು. ಪ್ರಿಯನೆಂಬವನನ್ನಲ್ಲದೆ ಬೇರೊಬ್ಬನನ್ನು ಪ್ರೀತಿಸೆನೆಂಬ ಹುಡುಗಿಯ ಹಟದಲ್ಲಿ ಹೊಸದೊಂದು ನಗೆಯೂ ಹುಟ್ಟುತ್ತದೆ. ಆದರೆ ಇನ್ನೊಬ್ಬರ ಪ್ರೀತಿಗೆ ಪಾತ್ರನಾಗುವುದು ಭಾಗ್ಯವೇ ಹೊರತು ಗುಣವಲ್ಲ. ಯಾವ ಉಪದೇಶಕನೂ ಅದನ್ನು ಬೋಧಿಸನು. ವಿಡಂಬನೆಯ ಮೊನೆ ಅಲ್ಲಿ ಮುರಿಯಿತು. ಕೋಂಸ್ತಾಂ ಅದಕ್ಕಿಂತ ಮೇಲು; ಅದು ಗುಣವಾಗಿಯೇ ಉಳಿಯುತ್ತದೆ. ಊರಿಗೊಂದು ಹೆಸರಿಟ್ಟುಕೊಂಡವನು ಸ್ಥಿರನೆನಿಸಿಕೊಳ್ಳುವುದಂತೂ ಮೂಲದಲ್ಲಿಲ್ಲದ ಲಾಭ. ನಷ್ಟವೆಲ್ಲ ಕಡೆಯ ಮಾತಿನಲ್ಲಿ. ಶೀರ್ಷಿಕೆಯ ಪದವೇ ಮೂಲದಲ್ಲಿ ನಾಟಕದ ಕೊನೆಯ ಪದ. ಆಗತಾನೆ ಸತ್ಯವಂತನೆಂದು ಹೊರಬಿದ್ದವನ ಬಾಯಲ್ಲಿ ಅದು ಎರಡು ಅರ್ಥದಿಂದಲೂ ಒಪ್ಪುತ್ತದೆ. ಸ್ಥೈರ್ಯಕ್ಕೂ ಸತ್ಯಕ್ಕೂ ಅಷ್ಟು ಹತ್ತಿರದ ನಂಟಿಲ್ಲವಾದುದರಿಂದ ಫ್ರೆಂಚಿನಲ್ಲಿ ತೆರೆಯು ತುಸು ಸಡಿಲವಾಗಿಯೇ ಬೀಳುತ್ತದೆ.