ಬಾಗಿಲ ಕೀಲಿ ಯಾರ ಕೈಯಲ್ಲಿ?

ನಾಟಕ, ಸಿನಿಮಾ, ಕಾದಂಬರಿಗಳನ್ನು ವಿಮರ್ಶೆಯ ತಕ್ಕಡಿಯಲ್ಲಿಟ್ಟು ತೂಗುವುದು ನಮಗೆ ರೂಢಿಯಾಗಿದೆ. ಆದರೆ ನಮ್ಮ ಹುಡುಗರ ಸಂಜೆಗಳನ್ನು ತುಂಬಿಕೊಂಡಿರುವ ಮೊಬೈಲ್ ಆಟಗಳ ಮಾತು ಬಂದಾಗ ನಮ್ಮಲ್ಲಿರುವುದು ಎರಡೇ ಉದ್ಗಾರ. ಒಂದು ‘ಹಾಳಾಗಿ ಹೋದರು’, ಇನ್ನೊಂದು ‘ಕಾಲ ಬದಲಾಗಿದೆ ಬಿಡಿ’. ಮೊದಲನೆಯದು ಆಟವನ್ನು ನೋಡದೆಯೇ ತೀರ್ಪು ಕೊಡುತ್ತದೆ, ಎರಡನೆಯದು ನೋಡುವ ಗೊಡವೆಯೇ ಬೇಡವೆನ್ನುತ್ತದೆ. ಆಟವೂ ಮನುಷ್ಯರು ಕೂತು ಕಟ್ಟಿದ ಕೃತಿ. ಯಾರು ಮೇಲೇರಬೇಕು, ಯಾವಾಗ ಏರಬೇಕು, ಏರಲು ಏನು ತೆರಬೇಕು ಎಂಬುದಕ್ಕೆ ಪ್ರತಿ ಆಟದೊಳಗೂ ಒಂದು ನ್ಯಾಯವಿರುತ್ತದೆ. ಆ ನ್ಯಾಯವನ್ನು ಪರೀಕ್ಷಿಸುವುದು ವಿಮರ್ಶೆಯ ಕೆಲಸ. ಅದರ ಒಂದು ತುಣುಕನ್ನಷ್ಟೇ ನಾವಿಲ್ಲಿ ಎತ್ತಿಕೊಳ್ಳುತ್ತೇವೆ: ಆಟಗಾರನ ಬಡ್ತಿಯನ್ನು ತಡೆಹಿಡಿದರೆ ಅವನ ಹುರುಪು ಹೆಚ್ಚುತ್ತದೆಯೇ, ಬತ್ತುತ್ತದೆಯೇ?

ಈ ಪ್ರಶ್ನೆಗೆ ಹುಬ್ಬಳ್ಳಿಯ ಅಂಚಿನ ತಾರಿಹಾಳಕ್ಕಿಂತ ಒಳ್ಳೆಯ ನೆಲೆ ಬೇಕಿಲ್ಲ. ಒಂದು ಕಡೆ ಹಳೆಯ ಊರು, ಇನ್ನೊಂದು ಕಡೆ ಕೈಗಾರಿಕಾ ಪ್ರದೇಶದ ಶೆಡ್ಡುಗಳು. ಪಾಳಿ ಬಿಟ್ಟ ಹೊತ್ತಿಗೆ ಚಹಾದಂಗಡಿಯ ಮುಂದೆ ನಿಂತರೆ ಸಾಕು, ಗ್ರೀಸಿನ ಕಲೆ ಇನ್ನೂ ಹೋಗದ ಬೆರಳುಗಳು ಮೊಬೈಲ್ ಪರದೆಯ ಮೇಲೆ ಓಡುವುದನ್ನು ಕಾಣಬಹುದು. ‘ಯಾವ ಲೆವೆಲ್ ಐತಲೇ?’ ಎಂಬ ಪ್ರಶ್ನೆ ಅಲ್ಲಿ ಯೋಗಕ್ಷೇಮ ವಿಚಾರಿಸಿದಷ್ಟು ಸಹಜ.

ಈ ‘ಲೆವೆಲ್’ ಎಂಬುದರ ಮೂಲ ಮೊಬೈಲಿನಲ್ಲಿಲ್ಲ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಅರ್ನೆಸನ್ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಹೊರತಂದರು. ಮೇಜಿನ ಸುತ್ತ ಕೂತು ಕಾಗದ, ಪೆನ್ಸಿಲ್, ದಾಳಗಳಿಂದ ಆಡುವ ಆಟ. ಪ್ರತಿಯೊಬ್ಬನೂ ಒಂದು ಪಾತ್ರ ವಹಿಸುತ್ತಾನೆ: ಯೋಧ, ಮಾಂತ್ರಿಕ, ಇತ್ಯಾದಿ. ಸಾಹಸಗಳಿಂದ ಅನುಭವದ ಅಂಕಗಳು ಕೂಡುತ್ತವೆ. ಅಂಕಗಳು ಒಂದು ಗೆರೆ ದಾಟಿದರೆ ಪಾತ್ರ ಮೇಲಿನ ಮಟ್ಟಕ್ಕೇರುತ್ತದೆ, ಅದರ ಬಲ ಹೆಚ್ಚುತ್ತದೆ. ಪಾತ್ರ ವಹಿಸಿ ಆಡುವ ಕಂಪ್ಯೂಟರ್ ಆಟಗಳೆಲ್ಲ ಈ ಏಣಿಯನ್ನು ಇಲ್ಲಿಂದಲೇ ಪಡೆದವು. ಇಂದು ಗುಂಡು ಹಾರಿಸುವ ಆಟಗಳಲ್ಲೂ ಊರು ಕಟ್ಟುವ ಆಟಗಳಲ್ಲೂ ಅದೇ ಏಣಿ ಬಂದು ನಿಂತಿದೆ.

ಮೊದಲ ಆಟದಲ್ಲಿ ಏಣಿ ಕಡಿದಾಗಿತ್ತು. ಯೋಧ ಎರಡನೆಯ ಮಟ್ಟ ಮುಟ್ಟಲು 2000 ಅಂಕ ಬೇಕು. 1979ರ ಮಾರ್ಗದರ್ಶಿ ಪುಸ್ತಕವಂತೂ ಅಂಕ ಕೂಡಿದರೂ ಸಾಲದು ಎಂದಿತು. ಪಾತ್ರ ವಾರಗಟ್ಟಲೆ ತರಬೇತಿ ಪಡೆಯಬೇಕು, ಅದಕ್ಕೆ ಚಿನ್ನದ ನಾಣ್ಯ ತೆರಬೇಕು, ಆಮೇಲೆಯೇ ಬಡ್ತಿ. 2014ರ ಐದನೆಯ ಆವೃತ್ತಿಯ ಹೊತ್ತಿಗೆ ಲೆಕ್ಕ ಬದಲಾಗಿತ್ತು. ಎರಡನೆಯ ಮಟ್ಟಕ್ಕೆ 300 ಅಂಕ, ಮೂರಕ್ಕೆ 900, ನಾಲ್ಕಕ್ಕೆ 2700, ಐದಕ್ಕೆ 6500. ಅಂದರೆ ಹೊಸಬನಿಗೆ ಮೊದಲ ಮೆಟ್ಟಿಲುಗಳನ್ನು ಬೇಗ ಹತ್ತಿಸಿ, ರುಚಿ ಹಿಡಿದ ಮೇಲೆ ಮೆಟ್ಟಿಲ ಎತ್ತರ ಹೆಚ್ಚಿಸುವ ಜಾಣ್ಮೆ. ನಡಿಗೆ ಕಲಿಯುವ ಕೂಸಿನೆದುರು ತಾಯಿ ಮೊದಲು ಎರಡು ಹೆಜ್ಜೆ ದೂರದಲ್ಲಿ ಕೂತು ಕೈಚಾಚುತ್ತಾಳೆ, ಆಮೇಲೆ ಹಿಂದಕ್ಕೆ ಸರಿಯುತ್ತಾಳೆ. ಇದೂ ಹಾಗೆಯೇ.

ಈ ಜಾಣ್ಮೆಗೆ ಮನಶ್ಶಾಸ್ತ್ರದ ಆಧಾರವೂ ಇದೆ. ಗುರಿ ಹತ್ತಿರವಾದಷ್ಟೂ ಓಟದ ವೇಗ ಹೆಚ್ಚುತ್ತದೆ ಎಂಬ ಸಿದ್ಧಾಂತವನ್ನು ಕ್ಲಾರ್ಕ್ ಹಲ್ 1932ರಲ್ಲಿಯೇ ಮಂಡಿಸಿದ್ದರು. 2006ರಲ್ಲಿ ರಾನ್ ಕಿವೆಟ್ಸ್ ಮತ್ತು ಸಂಗಡಿಗರು ಇದನ್ನು ಕಾಫಿ ಅಂಗಡಿಯಲ್ಲಿ ಪರೀಕ್ಷಿಸಿದರು. ಹತ್ತು ಮುದ್ರೆ ಬಿದ್ದರೆ ಒಂದು ಕಾಫಿ ಪುಕ್ಕಟೆ ಎಂಬ ಚೀಟಿ ಒಂದು ಗುಂಪಿಗೆ. ಇನ್ನೊಂದು ಗುಂಪಿಗೆ ಹನ್ನೆರಡು ಮುದ್ರೆಯ ಚೀಟಿ, ಆದರೆ ಎರಡು ಮುದ್ರೆ ಮೊದಲೇ ಒತ್ತಿ ಕೊಟ್ಟದ್ದು. ಇಬ್ಬರೂ ಕೊಳ್ಳಬೇಕಾದದ್ದು ಹತ್ತೇ ಕಾಫಿ. ಆದರೂ ಎರಡನೆಯ ಗುಂಪಿನವರು ಚೀಟಿಯನ್ನು ಬೇಗ ಮುಗಿಸಿದರು. ‘ಆಗಲೇ ಹೊರಟಿದ್ದೇನೆ’ ಎಂಬ ಭಾವವೇ ಕಾಲಿಗೆ ಬಲ ತಂದಿತ್ತು. ಮೊದಲ ಮೆಟ್ಟಿಲನ್ನೇ ದೂರವಿಟ್ಟರೆ ಹೊಸಬ ಬೇಸತ್ತು ಎದ್ದುಹೋಗುತ್ತಾನೆ ಎಂಬುದು ಇದರಿಂದ ಸ್ಪಷ್ಟ.

ಹಾಗಾದರೆ ಬಡ್ತಿಯನ್ನು ಬೇಗಬೇಗ ಕೊಡುತ್ತ ಹೋಗುವುದೇ ಲೇಸೇ? ಇಲ್ಲಿ ಇನ್ನೊಂದು ಕೃತಿಯ ಪಾಠ ನೋಡಬೇಕು. 2006ರಲ್ಲಿ ಬಂದ ‘ಎಲ್ಡರ್ ಸ್ಕ್ರೋಲ್ಸ್’ ಮಾಲೆಯ ನಾಲ್ಕನೆಯ ಆಟ ‘ಒಬ್ಲಿವಿಯನ್’ನಲ್ಲಿ ವಿಚಿತ್ರವಾದ ನಿಯಮವೊಂದಿತ್ತು. ಆಟಗಾರ ತನ್ನ ಮುಖ್ಯ ಕೌಶಲಗಳನ್ನು ಒಟ್ಟು ಹತ್ತು ಸಲ ಹೆಚ್ಚಿಸಿಕೊಂಡರೆ ಬಡ್ತಿಗೆ ಅರ್ಹನಾಗುತ್ತಾನೆ, ಆದರೆ ಹಾಸಿಗೆ ಹುಡುಕಿ ಮಲಗಿ ಏಳುವ ತನಕ ಬಡ್ತಿ ಸಿಗುವುದಿಲ್ಲ. ನಿಯಮವೇನೋ ಸುಂದರ. ಕಲಿತದ್ದು ಮೈಗೂಡಲು ವಿಶ್ರಾಂತಿ ಬೇಕೆಂಬ ತಿಳಿವಳಿಕೆ ಅದರಲ್ಲಿದೆ. ಎಡವಟ್ಟಾದದ್ದು ಬೇರೆಡೆ. ಆಟಗಾರನ ಮಟ್ಟ ಏರಿದಂತೆ ಲೋಕದ ಶತ್ರುಗಳೂ ಬಲಿಯುವಂತೆ ಆಟ ಕಟ್ಟಲಾಗಿತ್ತು. ಮೊದಲು ಹರಕು ತೊಗಲಿನ ಉಡುಪಿನಲ್ಲಿ ಎದುರಾಗುತ್ತಿದ್ದ ದಾರಿಗಳ್ಳರೇ ಮುಂದೆ ರಾಜರಿಗೂ ದುಬಾರಿಯೆನಿಸುವ ಕವಚ ತೊಟ್ಟು ಬರುತ್ತಿದ್ದರು! ಬಲ ಹೆಚ್ಚಿದರೂ ಬಲ ಹೆಚ್ಚಿದಂತೆ ಅನ್ನಿಸದು. ಬುದ್ಧಿವಂತ ಆಟಗಾರರು ಉಪಾಯ ಕಂಡುಕೊಂಡರು. ಅವರು ಮಲಗುವುದನ್ನೇ ಬಿಟ್ಟರು. ಬಡ್ತಿ ಕೈಗೆಟುಕಿದ್ದರೂ ಬೇಡವೆಂದು ತಾವೇ ತಡೆದುಕೊಂಡು, ಶತ್ರುಗಳು ದುರ್ಬಲರಾಗಿರುವಾಗಲೇ ಲೋಕವನ್ನು ಸುತ್ತಿದರು. ಬಡ್ತಿ ಬಹುಮಾನದ ಬದಲು ಶಿಕ್ಷೆಯಾದಾಗ ಜಾಣರು ಅದರಿಂದ ದೂರ ಓಡುತ್ತಾರೆ. 2025ರಲ್ಲಿ ಈ ಆಟ ಹೊಸ ರೂಪದಲ್ಲಿ ಬಂದಾಗ ಮಟ್ಟವೇರುವ ಪದ್ಧತಿಯನ್ನು ತಿದ್ದಲಾಯಿತು.

ಇದರಿಂದ ತಿಳಿಯುವುದಿಷ್ಟು: ಸುಖ ಅಂಕಿಯಲ್ಲಿಲ್ಲ. ರಿಚರ್ಡ್ ರಯಾನ್, ಸ್ಕಾಟ್ ರಿಗ್ಬಿ, ಆ್ಯಂಡ್ರ್ಯೂ ಪ್ರಿಬಿಲ್ಸ್ಕಿ ಎಂಬ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನ ಆಟಗಳ ಸೆಳೆತವನ್ನು ಮನುಷ್ಯನ ಮೂರು ಅಗತ್ಯಗಳೊಂದಿಗೆ ಜೋಡಿಸಿತು. ನನ್ನಿಂದ ಇದು ಆಗುತ್ತದೆ ಎಂಬ ಸಾಮರ್ಥ್ಯದ ಅರಿವು, ನಾನೇ ಆಯ್ದುಕೊಂಡೆ ಎಂಬ ಸ್ವಾತಂತ್ರ್ಯ, ಇತರರೊಂದಿಗಿನ ನಂಟು. ಬಡ್ತಿ ಈ ಮೂರರಲ್ಲಿ ಒಂದನ್ನಾದರೂ ಪೋಷಿಸಿದರೆ ಅದಕ್ಕೆ ಬೆಲೆ. ತಡೆಗೂ ಇದೇ ಅಳತೆಗೋಲು. ಕಾಯುವ ಹೊತ್ತಿನಲ್ಲಿ ಆಟಗಾರನ ಕೈಗೆ ಕೆಲಸವಿದೆಯೇ, ಬಾಗಿಲು ತೆರೆಯುವುದು ಅವನಿಂದಲೇ ಸಾಧ್ಯವೇ ಎಂದು ಕೇಳಬೇಕು.

ಈ ಅಳತೆಗೋಲನ್ನು ಹುಡುಕಲು ನಾವು ಅಮೆರಿಕಕ್ಕೇ ಹೋಗಬೇಕಿರಲಿಲ್ಲ. ನಮ್ಮ ಕಟ್ಟೆಗಳ ಮೇಲೆ ಗೀಚಿದ ಚೌಕಾಬಾರದ ಮನೆಗಳನ್ನು ನೋಡಿದ್ದರೆ ಸಾಕಿತ್ತು. ಐದಕ್ಕೆ ಐದರಂತೆ ಇಪ್ಪತ್ತೈದು ಮನೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ, ನಾಲ್ಕು ಕವಡೆ. ಕವಡೆ ಸಿಗದಿದ್ದರೆ ತೇಯ್ದ ಹುಣಸೆ ಬೀಜ. ಕಾಯಿಗಳು ಹೊರಸುತ್ತಿನ ಹದಿನಾರು ಮನೆ ಸುತ್ತಿ, ಒಳಸುತ್ತಿನ ಎಂಟು ಮನೆ ದಾಟಿ, ನಡುವಿನ ಹಣ್ಣಿನ ಮನೆ ಸೇರಬೇಕು. ಆದರೆ ಅನೇಕ ಊರುಗಳಲ್ಲಿ ನಡೆಯುವ ನಿಯಮವೊಂದಿದೆ: ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಕವಡೆ ಎಷ್ಟೇ ಒಳ್ಳೆಯದು ಬೀಳಲಿ, ಕಡಿಯದವನು ಹೊರಗೇ ಸುತ್ತಬೇಕು.

ಇದು ಬಡ್ತಿಯ ತಡೆ ಅಲ್ಲದೆ ಮತ್ತೇನು? ಆದರೂ ಈ ತಡೆಯಿಂದ ಆಟ ಬೇಸರವಾದದ್ದುಂಟೇ? ಇಲ್ಲ, ಆಟದ ಜೀವವೇ ಅಲ್ಲಿದೆ. ಹೊರಗೆ ಸುತ್ತುವ ಕಾಯಿ ಸುಮ್ಮನೆ ಕಾಯುತ್ತಿಲ್ಲ. ಬೇಟೆಯಾಡುತ್ತಿದೆ, ಬೇಟೆಗೆ ಸಿಗದಂತೆ ಕಟ್ಟೆಮನೆಯಲ್ಲಿ ಅಡಗುತ್ತಿದೆ, ಯಾವ ಕಾಯಿ ಮುಂದೆ ಬಿಡಬೇಕು ಎಂಬ ಲೆಕ್ಕ ನಡೆದಿದೆ. ಸುತ್ತ ನಿಂತವರೂ ‘ಅದನ್ನ ಕಡಿಯೋ!’ ಎಂದು ಕೂಗುತ್ತಾರೆ. ಮೊದಲ ಕಾಯಿ ಕಡಿದಾಗ ಸಿಗುವ ಸಂತೋಷ ಹಣ್ಣಾದಾಗಿನ ಸಂತೋಷಕ್ಕಿಂತ ಕಡಿಮೆಯದೇನಲ್ಲ. ಅದೃಷ್ಟದ ಪಾಲು ಕವಡೆಯದು, ಆಯ್ಕೆಯ ಪಾಲು ಆಡುವವನದು. ಹಾವು-ಏಣಿಯೊಂದಿಗೆ ಹೋಲಿಸಿ ನೋಡಿ. ಅಲ್ಲಿ ಏಣಿ ಸಿಕ್ಕಿದರೂ ಹಾವು ನುಂಗಿದರೂ ಆಟಗಾರ ಮಾಡುವಂಥದ್ದು ಏನೂ ಇಲ್ಲ. ಮಕ್ಕಳು ದೊಡ್ಡವರಾದಂತೆ ಅದನ್ನು ಬಿಟ್ಟು ಚೌಕಾಬಾರಕ್ಕೆ ಬರುವುದು ಸುಮ್ಮನೆ ಅಲ್ಲ.

ಈಗ ಮೊಬೈಲಿಗೆ ಬರೋಣ. ಫಿನ್ಲೆಂಡಿನ ಸೂಪರ್‌ಸೆಲ್ ಕಂಪನಿ 2012ರಲ್ಲಿ ತಂದ ‘ಕ್ಲ್ಯಾಶ್ ಆಫ್ ಕ್ಲ್ಯಾನ್ಸ್’ನಲ್ಲಿ ಕೋಟೆಯ ಕಟ್ಟಡಗಳನ್ನು ಮೇಲಿನ ಮಟ್ಟಕ್ಕೇರಿಸಬೇಕು. ಆರಂಭದಲ್ಲಿ ಕ್ಷಣಗಳಲ್ಲಿ ಮುಗಿಯುವ ಕೆಲಸ ಮೇಲೆ ಹೋದಂತೆ ದಿನಗಟ್ಟಲೆ ಹಿಡಿಯುತ್ತದೆ. ಸಾಮಗ್ರಿ ಕೂಡಿಸುವುದು ಆಟಗಾರನ ಶ್ರಮವೇ, ನಿಜ. ಆದರೆ ಆಮೇಲಿನ ಕಾಯುವಿಕೆಯಲ್ಲಿ ಅವನ ಜಾಣ್ಮೆಗೆ ಮಾಡಲು ಏನಿದೆ? ಗಡಿಯಾರ ತಿರುಗಬೇಕು, ಇಲ್ಲವೇ ಹರಳುಗಳನ್ನು ತೆತ್ತು ಗಡಿಯಾರವನ್ನು ಮುಂದೋಡಿಸಬೇಕು. ಆ ಹರಳುಗಳು ಹಣಕ್ಕೆ ಸಿಗುತ್ತವೆ. ಅದೇ ವರ್ಷದ ‘ಕ್ಯಾಂಡಿ ಕ್ರಷ್ ಸಾಗಾ’ದಲ್ಲಿ ಐದು ಜೀವ. ಅವು ಮುಗಿದರೆ ಒಂದು ಜೀವ ಮರಳಲು ಮೂವತ್ತು ನಿಮಿಷ. ತಾಳ್ಮೆ ಇಲ್ಲದವನಿಗೆ ಅಂಗಡಿ ತೆರೆದೇ ಇದೆ. ಮೊದಲ ಮೆಟ್ಟಿಲು ಸುಲಭ ಮಾಡುವ ಅದೇ ಜಾಣ್ಮೆ ಇಲ್ಲಿ ಬೇರೆ ಕೆಲಸಕ್ಕೆ ನಿಂತಿದೆ. ರುಚಿ ಹಿಡಿಸಿ, ಆಮೇಲೆ ಬಾಗಿಲು ಹಾಕಿ, ಕೀಲಿಯನ್ನು ಮಾರುವ ಕೆಲಸ. ಈ ತಡೆ ಆಟದ ಭಾಗವಾಗಿರದೆ ವ್ಯಾಪಾರದ ಭಾಗವಾಗಿದೆ. ತಡೆ ಹೆಚ್ಚು ಕಿರಿಕಿರಿ ಮಾಡಿದಷ್ಟೂ ಕೀಲಿಗೆ ಗಿರಾಕಿ ಹೆಚ್ಚು. ಹೀಗಿರುವಾಗ ಬೇಸರವನ್ನು ಕಡಿಮೆ ಮಾಡಲು ಆಟ ಕಟ್ಟಿದವನಿಗೆ ಕಾರಣವೇ ಇರುವುದಿಲ್ಲ.

ನಮ್ಮಲ್ಲಿ ಮನೆಮಾತಾದ ಪಬ್‌ಜಿಯ ವಂಶವನ್ನೂ ನೋಡಬೇಕು. ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರಿನಲ್ಲಿ ನಿಷೇಧವಾಯಿತು. 2021ರ ಜುಲೈನಲ್ಲಿ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಎಂಬ ಹೆಸರಿನಲ್ಲಿ ಬಂತು, 2022ರ ಜುಲೈನಲ್ಲಿ ತಡೆಹಿಡಿಯಲ್ಪಟ್ಟು 2023ರ ಮೇ ತಿಂಗಳಲ್ಲಿ ಮರಳಿತು. ಕಂಚು, ಬೆಳ್ಳಿ, ಚಿನ್ನ ಎಂದು ಮೇಲೇರುವ ಅದರ ದರ್ಜೆಗಳಿಗೆ ಕೈಚಳಕ ಬೇಕು, ಗೆಳೆಯರ ಒಗ್ಗಟ್ಟು ಬೇಕು. ಅಷ್ಟರಮಟ್ಟಿಗೆ ಅದು ಚೌಕಾಬಾರದ ಹಾದಿಯಲ್ಲಿದೆ. ಆದರೆ ಪ್ರತಿ ಋತು ಮುಗಿದಾಗ ಗಳಿಸಿದ ದರ್ಜೆ ಕೆಳಗಿಳಿಯುತ್ತದೆ. ಚೌಕಾಬಾರದಲ್ಲಿ ಕಾಯಿ ಹಿಂದಕ್ಕೆ ಹೋಗುವುದು ಎದುರಾಳಿ ಕಡಿದಾಗ. ಇಲ್ಲಿ ಕಡಿಯುವುದು ಪಂಚಾಂಗ. ಇಂಥ ಏಣಿಗೆ ತುದಿಯಿಲ್ಲ. ಆದ್ದರಿಂದ ‘ಸಾಕು, ಮುಗಿಯಿತು’ ಎಂದು ಎದ್ದು ಬರುವ ಗಳಿಗೆಯೂ ಇಲ್ಲ.

2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಕಾಯಿದೆಯನ್ನು ಅಂಗೀಕರಿಸಿತು. ಗೆಲ್ಲುವ ಆಸೆಯಿಂದ ಹಣ ಕಟ್ಟುವ ಆಟಗಳಿಗೆ ಅದು ನಿಷೇಧ ಹಾಕಿತು. ಅದು ಬೇಕಾದದ್ದೇ. ಆದರೆ ಕಾಯುವಿಕೆಯನ್ನು ತಪ್ಪಿಸಿಕೊಳ್ಳಲು ಹಣ ತೆರುವ ಆಟದಲ್ಲಿ ಗೆಲ್ಲುವ ಹಣವೇ ಇಲ್ಲ. ಅದು ಜೂಜಿನ ವ್ಯಾಖ್ಯೆಯೊಳಗೆ ಬರುವುದಿಲ್ಲ. ಇಲ್ಲಿ ಕಾನೂನಿಗಿಂತ ಮೊದಲು ಬೇಕಾದದ್ದು ಆಡುವವರ ಮತ್ತು ಅವರ ಮನೆಯವರ ವಿಮರ್ಶಾಬುದ್ಧಿ.

‘ತಡೆ ಇದ್ದರೆ ತಾಳ್ಮೆ ಕಲಿಯುತ್ತಾರೆ, ಒಳ್ಳೆಯದೇ ಅಲ್ಲವೇ’ ಎನ್ನುವವರಿದ್ದಾರೆ. ಅವರಿಗೆ ಹುಬ್ಬಳ್ಳಿಯ ನೆರೆಯ ಕುಂದಗೋಳವನ್ನು ನೆನಪಿಸಬೇಕು. ಉಸ್ತಾದ್ ಅಬ್ದುಲ್ ಕರೀಂ ಖಾನರ ಶಿಷ್ಯ ಸವಾಯಿ ಗಂಧರ್ವರು ಅಲ್ಲಿ ಪಾಠ ಹೇಳುತ್ತಿದ್ದರು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಅಲ್ಲಿಗೆ ಹೋಗಿ ಕಲಿತರು. ಒಂದು ಪಲುಕು ಗಂಟಲಿಗೆ ಕೂರದೆ ಮುಂದಿನದಕ್ಕೆ ಹೋಗದ ಕಲಿಕೆಯ ಕ್ರಮವದು. ಅಲ್ಲಿಯೂ ತಡೆಯಿತ್ತು. ಆದರೆ ತಡೆದ ದಿನಗಳು ರಿಯಾಜಿನಿಂದ ತುಂಬಿದ್ದವು, ಬಾಗಿಲು ತೆರೆಯುತ್ತಿದ್ದುದು ಶಿಷ್ಯರ ದನಿಗೇ. ತಾಳ್ಮೆ ಹುಟ್ಟುವುದು ಇಂಥ ಕಾಯುವಿಕೆಯಿಂದ. ಗಡಿಯಾರ ನೋಡುತ್ತ ಕೂರುವುದರಿಂದ ಹುಟ್ಟುವುದು ಚಡಪಡಿಕೆ ಮಾತ್ರ.

ತಾರಿಹಾಳದ ಚಹಾದಂಗಡಿಯ ಹುಡುಗರಿಗೆ ಈ ವ್ಯತ್ಯಾಸ ಇನ್ನಾರಿಗಿಂತ ಚೆನ್ನಾಗಿ ಅರ್ಥವಾಗಬೇಕು. ಯಾವುದೇ ಕೈಗಾರಿಕಾ ಪ್ರದೇಶದಲ್ಲಿ ಹೆಲ್ಪರ್ ಆಗಿ ಸೇರಿದವನು ಲೇಥ್ ಯಂತ್ರದ ಮುಂದೆ ನಿಲ್ಲಲು ಕಾಯಬೇಕು. ಅರದಿಂದ ಉಜ್ಜುವುದು, ಅಳತೆ ಹಿಡಿಯುವುದು ಕೈಗೆ ಬಂದ ಮೇಲೆ ಯಂತ್ರ ಕೊಟ್ಟರೆ ಅದು ಚೌಕಾಬಾರದ ನ್ಯಾಯ. ಕೆಲಸವೆಲ್ಲ ಕಲಿತ ಮೇಲೂ ವರ್ಷಗಟ್ಟಲೆ ಗುತ್ತಿಗೆಯ ಹೆಲ್ಪರ್ ಎಂದೇ ಇಟ್ಟುಕೊಂಡರೆ ಅದು ಹರಳಿನಂಗಡಿಯ ನ್ಯಾಯ. ಎರಡನೆಯದನ್ನು ಹಗಲೆಲ್ಲ ಉಂಡವನಿಗೆ ಸಂಜೆ ಮೊಬೈಲಿನಲ್ಲಿ ಮಿಂಚಿ ಏರುವ ಅಂಕಿ ಸಿಹಿಯೆನಿಸಿದರೆ ಆಶ್ಚರ್ಯವೇನು? ಅವನನ್ನು ಜರೆಯುವ ಮೊದಲು, ಬೇರೆಲ್ಲೂ ಸಿಗದ ಯಾವ ನ್ಯಾಯವನ್ನು ಅವನು ಅಲ್ಲಿ ಹುಡುಕುತ್ತಿದ್ದಾನೆ ಎಂದು ನಾವು ಕೇಳಿಕೊಳ್ಳಬೇಕು. ಮತ್ತು ಆ ಆಟವೂ ಅವನಿಗೆ ಅದೇ ಗುತ್ತಿಗೆಯನ್ನೇ ಮಾರುತ್ತಿದ್ದರೆ ಅದನ್ನು ಅವನಿಗೆ ತಿಳಿಸಿ ಹೇಳಬೇಕು.

ಮನೆಯಲ್ಲಿ ಮಕ್ಕಳ ಕೈಯಿಂದ ಮೊಬೈಲ್ ಕಸಿಯುವ ಮೊದಲು ಒಮ್ಮೆ ಅವರ ಪಕ್ಕದಲ್ಲಿ ಕೂತು ನೋಡಿ. ಮುಂದಿನ ಮಟ್ಟಕ್ಕೆ ಏನು ಬೇಕೆಂದು ಕೇಳಿ. ‘ಇವನನ್ನು ಸೋಲಿಸಬೇಕು’, ‘ಈ ಒಗಟು ಬಿಡಿಸಬೇಕು’ ಎಂದರೆ ಇನ್ನೊಂದಿಷ್ಟು ಹೊತ್ತು ಆಡಲು ಬಿಡಿ, ಹೊತ್ತಿನ ಮಿತಿ ಮಾತ್ರ ಮೊದಲೇ ಹೇಳಿ. ‘ಆರು ತಾಸು ಕಾಯಬೇಕು, ಇಲ್ಲಾ ದುಡ್ಡು ಹಾಕಬೇಕು’ ಎಂದರೆ ಆ ಆಟವನ್ನು ಅಲ್ಲಿಗೇ ಬಿಡಿಸಿ, ನಾಲ್ಕು ಕವಡೆ ತಂದು ಅಂಗಳದಲ್ಲಿ ಮನೆ ಗೀಚಿ.